ಪರದೆಯ ಮೇಲೆ ನಾಲ್ಕು ತಾಲೂಕು

ಇಂಡಿ ಬಸ್ ಸ್ಟ್ಯಾಂಡಿನ ಎದುರಿನ ಡಿಟಿಪಿ ಅಂಗಡಿಯಲ್ಲಿ, ಕಂಪ್ಯೂಟರ್ ಪರದೆಯ ಮೇಲಿನ ಬಲಮೂಲೆಯಲ್ಲಿದ್ದ ಕಸದ ಬುಟ್ಟಿಯನ್ನು ಮಂಗಳವಾರ ಮುಂಜಾನೆ ಕೆಳಗಿನ ಎಡಮೂಲೆಗೆ ಸ್ಥಳಾಂತರಿಸಲಾಯಿತು. ಮಾಲೀಕರು, ಅವರ ಸೋದರಮಾವ ಹಾಗೂ ಟೈಪಿಸ್ಟನಾದ ನಾನು ಸ್ಥಳದಲ್ಲಿ ಹಾಜರಿದ್ದೆವು. ಪ್ರಾಣಹಾನಿಯ ವರದಿಯಾಗಿಲ್ಲ.

ತೊಂಬತ್ತರ ದಶಕದ ಕೊನೆಗೆ ನಮ್ಮ ಕಡೆ ಕಂಪ್ಯೂಟರ್ ಬಂದಾಗಿನಿಂದ ಇಂಥವು ನಡೆಯುತ್ತಲೇ ಇದ್ದವು. ಅವುಗಳ ನಡುವೆ ಕೂತು ನಾನು ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ.

ಈಶಾನ್ಯದ ಬುಟ್ಟಿ

ಸೋದರಮಾವನಿಗೆ ವಾಸ್ತು ಗೊತ್ತಿತ್ತು. ಸಾಲಿಯ ಭೂಗೋಳದ ನಕಾಶೆಯಂತೆ ಪರದೆಗೂ ಮೇಲೆ ಉತ್ತರ, ಬಲಕ್ಕೆ ಪೂರ್ವ ಎಂದು ಅವರು ತೀರ್ಮಾನಿಸಿದರು. "ಈಶಾನ್ಯದಾಗ ಕಸ ಇಟ್ಕೊಂಡು, ಧಂದೆ ನಡೀವಲ್ದು ಅಂತ ಅಳ್ತೀಯಲ್ಲೋ ಅಳಿಯಾ" ಎಂದರು. ಬುಟ್ಟಿ ನೈಋತ್ಯಕ್ಕೆ ಹೋಯಿತು. ಕೆಲಸ ಮುಗಿದ ಮೇಲೆ ನಾನು ಯಂತ್ರ ಬಂದ್ ಮಾಡಲು ಸ್ಟಾರ್ಟ್ ಬಟನ್ ಒತ್ತಿದ್ದನ್ನು ಅವರು ನೋಡಿದರು.

"ಬಂದ್ ಮಾಡಾಕ ಸ್ಟಾರ್ಟ್ ಒತ್ತಬೇಕೇನು?"

ಹೌದ್ರಿ ಎಂದೆ.

"ಬುಟ್ಟಿ ಬಿಡು ಅಳಿಯಾ. ಇದರ ಬುನಾದೀನ ಸರಿ ಇಲ್ಲ."

ನಕಾಶೆ

ವಾಸ್ತುವಿನಿಂದ ಗಿರಾಕಿ ಬರಲಿಲ್ಲ. ಆದರೆ ನಕಾಶೆಯ ಮಾತು ಮಾಲೀಕರ ತಲೆಯಲ್ಲಿ ಉಳಿಯಿತು. ಅವರು ಲಗ್ನಪತ್ರಿಕೆಯ ಫೈಲುಗಳನ್ನೆಲ್ಲ ಊರಿನ ಪ್ರಕಾರ ಪರದೆಯ ಮೇಲೆ ಹರಡಿದರು. ಮೇಲೆ ಇಂಡಿ, ಬಲಕ್ಕೆ ಸಿಂದಗಿ, ಕೆಳಗೆ ಬಸವನ ಬಾಗೇವಾಡಿ, ಅದರ ಆಚೆ ಮುದ್ದೇಬಿಹಾಳ. ಗಿರಾಕಿ ಊರಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಆ ಮನೆಯ ಹಳೇ ಪತ್ರಿಕೆ ತೆರೆದಿರುತ್ತಿತ್ತು. ಒಂದು ಮನೆಯ ಎರಡನೇ ಲಗ್ನಕ್ಕೆ ಹಿರಿಯರ ಹೆಸರನ್ನು ಹೊಸದಾಗಿ ಯಾರೂ ಟೈಪ್ ಮಾಡುವುದಿಲ್ಲ. ಹಳೇ ಪತ್ರಿಕೆಯಲ್ಲಿ ವಧು-ವರ, ಮುಹೂರ್ತ ಬದಲಿಸಿದರೆ ಆಯಿತು.

ತಾಂಬಾದ ಅಣ್ಣತಮ್ಮಂದಿರದು ಮಾತ್ರ ಫಜೀತಿ. ಹೊಲ ಪಾಲಾಗಿದೆ ಎಂದು ಅಣ್ಣ, ಆಗಿಲ್ಲ ಎಂದು ತಮ್ಮ, ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಿದ್ದರು. ಒಂದು ದಿನ ಅಣ್ಣ ಪರದೆ ನೋಡಿ, ತನ್ನ ಫೈಲಿನ ಬಾಜೂಕ ತಮ್ಮನದು ಇರುವುದಾದರೆ ತಾನು ಬೇರೆ ಅಂಗಡಿ ನೋಡಿಕೊಳ್ಳುವುದಾಗಿ ಹೇಳಿದರು. ಮಾಲೀಕರು ತಮ್ಮನ ಫೈಲನ್ನು ಪರದೆಯ ಇನ್ನೊಂದು ತುದಿಗೆ, ಝಳಕಿ ಊರಿನ ಹತ್ತಿರ ಎಳೆದುಬಿಟ್ಟರು. ಕೋರ್ಟು ಮಾಡದ ಪಾಲನ್ನು ನಮ್ಮ ಅಂಗಡಿ ಮಾಡಿ ಮುಗಿಸಿತ್ತು.

ಸಂತಿ

ಅಷ್ಟರಲ್ಲಿ ಮಗ್ಗುಲ ಓಣಿಯಲ್ಲಿ ಬಣ್ಣದ ಪ್ರಿಂಟರಿನ ಹೊಸ ಅಂಗಡಿ ತೆರೆಯಿತು. ಆ ಸಲದ ಲಗ್ನದ ಸೀಜನ್ ಕೈತಪ್ಪಿದರೆ ನಾವು ಬಾಗಿಲು ಹಾಕುವುದೇ. ಹೊಸ ಅಂಗಡಿಯ ಪರದೆ ಅಷ್ಟು ಒಪ್ಪವಾಗಿದೆ, ನಮ್ಮದು ಹಿಂಗೇಕೆ ಎಂದು ಯಾರೋ ಅಂದರು. ಮಾಲೀಕರು ಗಾಬರಿಯಾಗಿ ಸಿಂದಗಿಯಿಂದ ಕಂಪ್ಯೂಟರ್ ಕ್ಲಾಸಿನ ಮಾಸ್ತರರನ್ನು ಕರೆಸಿದರು. ಮಾಸ್ತರರು ಚಹಾ ಕುಡಿದು ಪರದೆ ನೋಡಿದರು.

"ಇದು ಡೆಸ್ಕ್‌ಟಾಪ್ ಅಲ್ರಿ, ಸಂತಿ."

"ಸಂತ್ಯಾಗ ಯಾರು ಎಲ್ಲಿ ಕೂಡ್ತಾರಂತ ಎಲ್ಲಾರಿಗೂ ಗೊತ್ತಿರ್ತೈತಲ್ರಿ ಸರ್" ಎಂದರು ಮಾಲೀಕರು.

ಗೊತ್ತಿರದವರಿಗೂ ಸಿಗುವಂತಿರುವುದೇ ಸುಧಾರಣೆ ಎಂದು ಮಾಸ್ತರರು ತಿಳಿಸಿ ಹೇಳಿದರು. ಹೆಸರಿನ ಪ್ರಕಾರ ಜೋಡಿಸಲು ಒಂದು ಕ್ಲಿಕ್ ಮಾಡಿದರು. ನಾಲ್ಕು ತಾಲೂಕು ಎದ್ದು ಎಡಗಡೆಗೆ ಓಡಿ, ಪಡಿತರ ಅಂಗಡಿಯ ಮುಂದಿನಂತೆ ಸಾಲುಗಟ್ಟಿ ನಿಂತವು. ಮಾಲೀಕರು ಬಾಗೇವಾಡಿಯನ್ನು ಹಳೇ ಜಾಗಕ್ಕೆ ಎಳೆದು ನೋಡಿದರು. ಅದು ತಾನಾಗಿ ಸಾಲಿಗೆ ಮರಳಿತು. ಇನ್ನು ಮುಂದೆ ಏನೇ ಮಾಡಿದರೂ ಕೆಡುವುದಿಲ್ಲ ಎಂದು ಮಾಸ್ತರರು ಭರವಸೆ ಕೊಟ್ಟು ಬಸ್ಸು ಹತ್ತಿದರು. ಮಾತಿಗೆ ತಪ್ಪಲಿಲ್ಲ. ನಾವು ಮತ್ತೆ ಎಷ್ಟು ಎಳೆದರೂ ಆ ಸಾಲು ಕೆಡಲಿಲ್ಲ.

ಸುಖಾಗಮನ

ಮರುವಾರ ನಾನು ಬಸುರಿ ತಂಗಿಯ ಕುಬಸಕ್ಕೆ ಬಾಗೇವಾಡಿಗೆ ಹೋಗಿದ್ದೆ. ತಾಂಬಾದ ಅಣ್ಣ ಮಗಳ ಲಗ್ನಪತ್ರಿಕೆಗೆ ಬಂದರು, ಬೀಗರು ಮುದ್ದೇಬಿಹಾಳದವರು. ಅಣ್ಣತಮ್ಮಂದಿರ ಅಡ್ಡಹೆಸರು ಒಂದೇ ಆದದ್ದರಿಂದ ಅವರ ಫೈಲುಗಳು ಈಗ ಒಂದರ ಕೆಳಗೊಂದು ನಿಂತಿದ್ದವು. ಮಾಲೀಕರು ಅಣ್ಣನದೆಂದು ತಮ್ಮನ ಫೈಲು ತೆರೆದು ವಧು-ವರ, ತಂದೆತಾಯಿ, ಮುಹೂರ್ತ ಬದಲಿಸಿದರು. ಪ್ರೂಫ್ ನೋಡಿದವರೆಲ್ಲ ಹುಡುಗನ ಡಿಗ್ರಿ ಸರಿ ಬಿದ್ದಿದೆಯೇ ಎಂದಷ್ಟೇ ನೋಡಿದರು. ಕೆಳಗೆ 'ತಮ್ಮ ಸುಖಾಗಮನ ಬಯಸುವ' ಹಿರಿಯರ ಸಾಲಿನಲ್ಲಿ ಮೊದಲಿಗೆ ತಮ್ಮನೇ ಇದ್ದ.

ಪತ್ರಿಕೆ ನಾಲ್ಕೂ ತಾಲೂಕಿಗೆ ಹಂಚಿಕೆಯಾದ ಮೇಲೆ ಅಣ್ಣ ಒಂದನ್ನು ಹಿಡಿದುಕೊಂಡು ಅಂಗಡಿಗೆ ಬಂದರು. ಬೈಯಲಿಲ್ಲ. ಕುರ್ಚಿಯ ಮೇಲೆ ಕೂತು, "ಅವನ ಬಾವ್ಯಾಗಿನ ನೀರು ಸೈತ ನಾನು ಕುಡಿಯಾಂಗಿಲ್ಲ. ಈಗ ನನ್ನ ಮಗಳ ಲಗ್ನಕ್ಕ ಅವ ಮಂದೀನ ಕರ್ಯಾಕತ್ತಾನ" ಎಂದರು. ಮಾಲೀಕರು ಸಿಂದಗಿಗೆ ಫೋನ್ ಹಚ್ಚಿದರು. ಫೈಲುಗಳೆಲ್ಲ ಕ್ರಮವಾಗಿಯೇ ಇವೆಯಲ್ಲ ಎಂದು ಮಾಸ್ತರರು ಕೇಳಿದರು. ಇವೆ ಎಂದರು ಮಾಲೀಕರು. ಹಾಗಿದ್ದರೆ ತಮ್ಮದೇನೂ ತಪ್ಪಿಲ್ಲ ಎಂದು ಮಾಸ್ತರರು ಫೋನ್ ಇಟ್ಟರು. ಸೋದರಮಾವ ಮಾತ್ರ, ಬುಟ್ಟಿ ನೈಋತ್ಯ ಬಿಟ್ಟು ಸಾಲಿನಲ್ಲಿ ಸೇರಿಕೊಂಡದ್ದನ್ನು ಬೊಟ್ಟು ಮಾಡಿ ತೋರಿಸಿದರು.

ಲಗ್ನದ ದಿನ ಹೊಸ ರುಮಾಲು ಸುತ್ತಿಕೊಂಡು ತಮ್ಮನೇ ಬಂದು, ಹಂದರದ ಬಾಗಿಲಲ್ಲಿ ನಿಂತು ಬೀಗರನ್ನು ಕೈಮುಗಿದು ಒಳಗೆ ಕರೆದ. ಬೀಗರ ಎದುರಿಗೆ ಅಣ್ಣ ಅವನನ್ನು ಹೊರಗೆ ಹಾಕುವಂತಿರಲಿಲ್ಲ. ಅವ ಎರಡೂ ಹೊತ್ತು ಉಂಡು, ಒಂದು ಪತ್ರಿಕೆ ಕಿಸೆಗೆ ಇಟ್ಟುಕೊಂಡು ಹೋದ.

ಮುಂದಿನ ತಾರೀಖಿಗೆ ಅವನ ವಕೀಲರು ಆ ಪತ್ರಿಕೆಯನ್ನು ಕೋರ್ಟಿನಲ್ಲಿ ಹಾಜರುಪಡಿಸಿದರು. ಮನೆತನ ಇನ್ನೂ ಒಟ್ಟಿಗೇ ಇದೆ, ಪಾಲಾಗಿಲ್ಲ, ಅಣ್ಣನೇ ಅಚ್ಚು ಹಾಕಿಸಿದ್ದಾನೆ ಎಂದರು. ಕೋರ್ಟು ಅದನ್ನು ಸಾಕ್ಷ್ಯವಾಗಿ ತೆಗೆದುಕೊಂಡಿತು.

ಆ ಸೀಜನ್ನಿನಲ್ಲಿ ತಾಂಬಾದಿಂದ ನಮ್ಮಲ್ಲಿಗೆ ಬೇರೆ ಯಾರೂ ಬರಲಿಲ್ಲ. ದೀಪಾವಳಿಗೆ ಮುಂಚೆ ಅಂಗಡಿ ಮುಚ್ಚಿತು. ಆ ಜಾಗದಲ್ಲಿ ಈಗ ನಿಂಬೆಹಣ್ಣಿನ ವಖಾರಿ ಇದೆ.