ಮೇಸ್ತ್ರಿಯ ಒಪ್ಪಿಗೆ

ಮೂಕಪ್ಪ ಮಾಡಿದ ತಪ್ಪು ಒಂದೇ. ಹರಕೆಯ ಟಗರಿಗೆ ಹೆಸರಿಟ್ಟಿದ್ದ.

ಅದಿರೆಲ್ಲ ಚೀನಾಕ್ಕೆ ಹೋಗುತ್ತಿದ್ದ ಕಾಲ ಅದು. ಸಂಡೂರಿನ ಗಣಿಯಲ್ಲಿ ಬೇರೆಯವರ ಟಿಪ್ಪರ್ ಓಡಿಸುತ್ತಿದ್ದ ಮೂಕಪ್ಪನಿಗೆ ಸ್ವಂತದ್ದೊಂದು ಆಗಲಿ, ಊರಮ್ಮನಿಗೆ ಟಗರು ಕೊಡುತ್ತೇವೆ ಎಂದು ಅವನ ದೊಡ್ಡವ್ವ ಎರ್ರೆಮ್ಮ ಹರಕೆ ಹೊತ್ತಿದ್ದಳು. ಟಿಪ್ಪರ್ ಬರಲು ವರ್ಷ ಹಿಡಿಯಿತು. ಅಷ್ಟರಲ್ಲಿ ಟಗರು ಹಿತ್ತಲಲ್ಲಿ ಬೆಳೆದು, ದಿನಾ ಬೆಳಿಗ್ಗೆ ಓಣಿಯ ಒಂದೊಂದು ಮನೆಯ ಮುಂದೂ ನಿಂತು, ನೋಡಿ, ಮುಂದಕ್ಕೆ ಹೋಗುವುದನ್ನು ಕಲಿತಿತ್ತು. ಮೂಕಪ್ಪ ಅದನ್ನು ಮೇಸ್ತ್ರಿ ಎಂದು ಕರೆಯತೊಡಗಿದ.

“ಹೆಸರಿಡಬ್ಯಾಡಲೇ,” ಎಂದು ಎರ್ರೆಮ್ಮ ಆಗಲೇ ಹೇಳಿದ್ದಳು. “ಆಮ್ಯಾಲ ತುತ್ತು ಇಳಿಯಂಗಿಲ್ಲ.”

ಮಂಗಳವಾರ ಅದಿರಿನ ರಸ್ತೆಯ ಪಕ್ಕದ ಊರಮ್ಮನ ಗುಡಿಯಲ್ಲಿ ನಲವತ್ತು ಮಂದಿ ನೆಂಟರು ಸೇರಿದರು. ಮಸಾಲೆ ಅರೆದಾಗಿತ್ತು. ಪದ್ಧತಿ ಇಷ್ಟೇ: ಟಗರಿನ ತಲೆ, ಬೆನ್ನಿನ ಮೇಲೆ ಅರಿಶಿನದ ನೀರು ಸುರಿಯಬೇಕು. ಅದು ಮೈ ಜಾಡಿಸಿದರೆ ಒಪ್ಪಿದಂತೆ. ಹೊತ್ತು ಮುಳುಗುವವರೆಗೂ ಜಾಡಿಸದಿದ್ದರೆ ದೇವಿ ಒಲ್ಲೆ ಎಂದಂತೆ. ಟಗರನ್ನು ಬಿಟ್ಟುಬಿಡಬೇಕು.

ಕಿವಿಗೆ ನೀರು ಹೋದರೆ ಮಾತ್ರ ಟಗರು ಮೈ ಜಾಡಿಸುತ್ತದೆಂದು ಮೂಕಪ್ಪನಿಗೆ ಗೊತ್ತಿತ್ತು. ಅದಿರು ಪುಡಿಮಾಡುವ ಕ್ರಷರ್ ಸದ್ದಿಗೆ ಕಿವಿಗಿಡಲೆಂದು ಅವನ ಜೇಬಿನಲ್ಲಿ ಯಾವಾಗಲೂ ಹತ್ತಿ ಇರುತ್ತಿತ್ತು. ಹಾರ ಹಾಕುವ ನೆಪದಲ್ಲಿ ಬಗ್ಗಿ, ಮೇಸ್ತ್ರಿಯ ಎರಡೂ ಕಿವಿಗೆ ಹತ್ತಿ ತುರುಕಿದ.

ಮೊದಲ ಕೊಡ ಸುರಿದರು. ಮೇಸ್ತ್ರಿ ಬಿಸಿಲಿಗೆ ತಂಪಾಯಿತೆಂದು ಕಣ್ಣು ಮುಚ್ಚಿತು. ಎರಡನೆಯದಕ್ಕೆ ಮೆಲುಕು ಹಾಕಿತು. ಪೂಜಾರಿ ಜಂಬಯ್ಯ ನೀರು ತಣ್ಣಗಿರಬೇಕೆಂದ, ಐಸ್ ತರಿಸಿದರು. ಮೂಕಪ್ಪನ ಭಾವ ಜಂಬುನಾಥ್ ಮೂಗಿಗೆ ಊದಿ ನೋಡಿದ. ಮಧ್ಯಾಹ್ನದ ಹೊತ್ತಿಗೆ ಗುಡಿಯ ಮುಂದೆ ಭತ್ತ ನಾಟಿ ಮಾಡುವಷ್ಟು ಕೆಸರಾಗಿತ್ತು.

“ನೀನ ಕೇಳಲೇ,” ಎಂದಳು ಎರ್ರೆಮ್ಮ. “ಸಾಕಿದಾಂವ ಕೇಳಿದ್ರ ಹೂಂ ಅಂತೈತಿ.”

ಮೂಕಪ್ಪ ಮಂಡಿಯೂರಿ ಕುಳಿತ. “ಮೇಸ್ತ್ರಿ, ನಿನ್ನ ಕೊಯ್ಯಲೇನಪಾ?”

ಮೇಸ್ತ್ರಿ ಅವನ ಅಂಗಿಯ ಕಾಲರ್ ನೆಕ್ಕಿತು.

ಪಕ್ಕದ ಮನೆಯ ತೋಟಪ್ಪ ಕಟ್ಟೆಯ ಮೇಲೆ ಕುಳಿತು ಎಲ್ಲ ನೋಡುತ್ತಿದ್ದ. ಮಾಂಸ ಮುಟ್ಟುವವನಲ್ಲ, ತೆಂಗಿನಕಾಯಿ ಪ್ರಸಾದಕ್ಕೆಂದು ಬಂದಿದ್ದ. ಹಿಂದೆ ಅದಿರಿನ ಲಾರಿ ತೂಗುವ ಕಡೆ ಗುಮಾಸ್ತನಾಗಿದ್ದು, ಇದ್ದ ತೂಕವನ್ನೇ ಬರೆಯುತ್ತಾನೆಂದು ಕೆಲಸ ಕಳೆದುಕೊಂಡಿದ್ದ.

“ನಾವು ತಿನ್ನೋರಲ್ಲ. ಆದ್ರ ಕೇಳಿ ಕೊಯ್ಯೋದು ನ್ಯಾಯ ನೋಡ್ರಿ,” ಎಂದ. “ಒಲ್ಲೆ ಅಂದದ್ದನ್ನ ಬಿಡಬೇಕು.”

ಮೂಕಪ್ಪನಿಗೆ ಅವನ ಕಾಲು ಹಿಡಿಯೋಣ ಎನ್ನಿಸಿತು.

ಮೂರು ಗಂಟೆಗೆ ನೆಂಟರು ದೇವಿಗಿಂತ ಹೆಚ್ಚಾಗಿ ಒಲೆಯ ಕಡೆ ನೋಡತೊಡಗಿದರು. ಎರ್ರೆಮ್ಮ ಹೇಳಿದಳೆಂದು ಜಂಬುನಾಥ್ ಹೊಸ ಟಿಪ್ಪರಿನಲ್ಲೇ ಹೊಸಪೇಟೆಗೆ ಹೋಗಿ ಹನ್ನೆರಡು ಕೋಳಿ ತಂದ. ಟಿಪ್ಪರಿನ ಮೊದಲ ಲೋಡು ಅದೇ ಆಯಿತು.

“ಇವಕ್ಕ ನೀರು ಹಾಕೋದಿಲ್ಲೇನು ದೊಡ್ಡವ್ವ?” ಎಂದ ಮೂಕಪ್ಪ.

“ಕೋಳೀನ ಯಾರು ಕೇಳ್ತಾರಲೇ?”

ಅರ್ಧ ಗಂಟೆಯಲ್ಲಿ ಹನ್ನೆರಡೂ ಮುಗಿದವು. ಒಂದನ್ನು ಉಳಿಸಲು ಹೋಗಿ ಮೂಕಪ್ಪ ಹನ್ನೆರಡನ್ನು ಕೊಲ್ಲಿಸಿದ್ದ. ಆದರೆ ಆ ಹನ್ನೆರಡಕ್ಕೆ ಅವನು ಹೆಸರಿಟ್ಟಿರಲಿಲ್ಲ. ಸಾರು ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡ.

ಉಂಡು ಎದ್ದಾಗ ಸೂರ್ಯ ಗುಡ್ಡದ ನೆತ್ತಿಯ ಮೇಲಿದ್ದ. ಇನ್ನು ಐದು ನಿಮಿಷ. ನೆಂಟರೆಲ್ಲ ಗುಡಿಯ ಹಿಂದೆ ಕೈ ತೊಳೆಯುತ್ತಿದ್ದರು. ಮೇಸ್ತ್ರಿ ಬೆಳಗಿನಿಂದ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ತಲೆ ವಾಲಿಸಿಕೊಂಡು ನಿಂತಿತ್ತು. ಪಾಪ ಅನ್ನಿಸಿತು. ಮೂಕಪ್ಪ ಹತ್ತಿ ತೆಗೆದು, ಕಿವಿಯ ಬುಡ ಕೆರೆದ.

ಆಗಲೇ, ಕೆಂಪು ಧೂಳು ಏಳದಿರಲೆಂದು ದಿನಾ ಸಂಜೆ ರಸ್ತೆಗೆ ನೀರು ಚಿಮುಕಿಸುವ ಗಣಿಯ ಟ್ಯಾಂಕರ್ ಬಂತು. ಗುಡಿಯ ಮುಂದೆಯೂ ಚಿಮುಕಿಸಿಕೊಂಡೇ ಹೋಯಿತು.

ಮೇಸ್ತ್ರಿ ಕೊಂಬಿನಿಂದ ಬಾಲದವರೆಗೂ ಮೈ ಜಾಡಿಸಿತು.

ಮೂಕಪ್ಪ ಸುತ್ತ ನೋಡಿದ. ಯಾರೂ ಇರಲಿಲ್ಲ, ಕಟ್ಟೆಯ ಮೇಲಿದ್ದ ತೋಟಪ್ಪನ ಹೊರತು. ಮೂಕಪ್ಪ ಕೈ ಮುಗಿದ. ತೋಟಪ್ಪ ಅವನನ್ನು ನೋಡಿದ, ಟಗರನ್ನು ನೋಡಿದ, ಸೂರ್ಯನನ್ನೂ ನೋಡಿದ. ಮುಖ ಬಾಡಿಹೋಗಿತ್ತು.

“ಎರ್ರೆಮ್ಮಾರ,” ಎಂದು ಕೂಗಿದ. “ಜಾಡಿಸ್ತು ನೋಡ್ರಿ. ಹೊತ್ತು ಇನ್ನೂ ಮುಣುಗಿಲ್ಲ.”

ನಲವತ್ತು ಮಂದಿಯೂ ಒದ್ದೆ ಕೈಯಲ್ಲೇ ಬಂದರು.

“ಎಲ್ಲಾರಿಗೂ ಹೊಟ್ಟಿ ತುಂಬೇತಿ ದೊಡ್ಡವ್ವ,” ಎಂದ ಮೂಕಪ್ಪ.

“ಅದು ಹೂಂ ಅಂದೈತಿ. ಇನ್ನೇನು ಮಾತು?” ಎಂದು ಎರ್ರೆಮ್ಮ ನೆಂಟರ ಕಡೆ ತಿರುಗಿದಳು. “ನಾಳಿಗೂ ಎಲ್ಲಾರು ಇಲ್ಲೇ ಊಟಕ್ಕ ಬರ್ರಿ.”

“ನಾನು ಕಾಯಿ ಪ್ರಸಾದಕ್ಕ ಬರ್ತೀನಿ,” ಎಂದ ತೋಟಪ್ಪ.

ಪೂಜಾರಿ ಕತ್ತಿ ತರಲು ಒಳಗೆ ಹೋದ. ಮೇಸ್ತ್ರಿ ಮತ್ತೆ ಕಾಲರ್ ನೆಕ್ಕತೊಡಗಿತು. ಮೂಕಪ್ಪ ಕೈಯಲ್ಲಿದ್ದ ಹತ್ತಿಯನ್ನು ತನ್ನ ಕಿವಿಗೆ ತುರುಕಿಕೊಂಡ.