ಹನ್ನೆರಡಕ್ಕೆ ಸರಿಯಾಗಿ

ಜೂನ್ ತಿಂಗಳ ಆ ಶುಕ್ರವಾರ ಬೆಳಿಗ್ಗೆ ದಕ್ಷಿಣಾಮೂರ್ತಿಯವರ ಕೈಗಡಿಯಾರ ಎಂಟು ಸೆಕೆಂಡು ಮುಂದಿತ್ತು. ಬೇರೆ ಯಾರ ಮನೆಯಲ್ಲಾದರೂ ಇದು ಸುದ್ದಿಯೇ ಅಲ್ಲ. ದಿಲ್ಲಿಯ ಲೋಧಿ ಕಾಲೋನಿಯ ಆ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಾತ್ರ ಮನೆಗೆ ಕಳ್ಳ ನುಗ್ಗಿದಷ್ಟು ಗಲಾಟೆಯಾಯಿತು.

"ಹಂಸಾ! ರೇಡಿಯೋ ಪೀಂ ಅನ್ನೋ ಮುಂಚೇನೇ ಮುಳ್ಳು ದಾಟಿಹೋಗಿತ್ತು. ರಾತ್ರಿ ಇದನ್ನ ಮುಟ್ಟಿದ್ದು ಯಾರು?"

"ಸ್ಟೂಲು ಒರೆಸುವಾಗ ನಾನೇ ಎತ್ತಿಟ್ಟೆ. ಏನೀಗ?" ಎಂದಳು ಹೆಂಡತಿ.

"ಹೇಗಿಟ್ಟೆ? ಅಂಗಾತವೋ, ಮಗ್ಗುಲಾಗೋ?"

ಪ್ರಶ್ನೆಗೆ ಕಾರಣವಿತ್ತು. ಅದು ಮಾವ ಮದುವೆಯಲ್ಲಿ ಕೊಟ್ಟ, ದಿನಾ ಬೆಳಿಗ್ಗೆ ಗುಂಡಿ ತಿರುಗಿಸಿ ಕೀಲಿ ಕೊಡಬೇಕಾದ ವಾಚು. ರಾತ್ರಿ ಅಂಗಾತ ಮಲಗಿಸಿದರೆ ನಾಲ್ಕು ಸೆಕೆಂಡು ಮುಂದೆ ಓಡುತ್ತಿತ್ತು, ಮಗ್ಗುಲಾಗಿ ನಿಲ್ಲಿಸಿದರೆ ಅಷ್ಟೇ ಹಿಂದೆ ಬೀಳುತ್ತಿತ್ತು. ಇದು ಗೊತ್ತಾದಂದಿನಿಂದ ಮೂರ್ತಿಯವರು ಅದಕ್ಕೊಂದು ರೇಷ್ಮೆಯ ದಿಂಬು ಹೊಲಿಸಿ, ದಿನದ ತಪ್ಪು ನೋಡಿಕೊಂಡು ರಾತ್ರಿ ಬೇಕಾದ ಮಗ್ಗುಲಿಗೆ ಮಲಗಿಸುತ್ತಿದ್ದರು. ಮಗಳು ಕೂಸಾಗಿದ್ದಾಗ ಒಂದು ರಾತ್ರಿಯೂ ಎದ್ದವರಲ್ಲ ಎಂದು ಹಂಸಾ ನೆಂಟರೆದುರು ಹೇಳುವುದಿತ್ತು.

"ಮುಳ್ಳು ತಿರುಗಿಸಿ ಸರಿ ಕರ್ ಲೋ ನಾ ಪಪ್ಪಾ," ಎಂದಳು ಮಗಳು ಅಕ್ಷಿತಾ, ತನ್ನ ಹೊಸ ಮೊಬೈಲಿನಿಂದ ತಲೆಯೆತ್ತದೆ.

ಮುಳ್ಳು ತಿರುಗಿಸುವುದೆಂದರೆ ಮೂರ್ತಿಯವರ ಪಾಲಿಗೆ ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ. "ಇವತ್ತು ಯಾರೂ ಆ ಗುಂಡಿ ಮುಟ್ಟಕೂಡದು, ನಾನೂ ಮುಟ್ಟಲ್ಲ. ಅದರ ಸ್ವಭಾವವನ್ನ ತಿದ್ದಬೇಕೇ ಹೊರತು ಮುಳ್ಳನ್ನಲ್ಲ!" ಎಂದು ಗುಡುಗಿದರು.

ಸಮಯದ ಮೇಲೆ ಇಷ್ಟು ಪ್ರೀತಿಯಿದ್ದ ಮನುಷ್ಯ ಆ ಸಮಯದಲ್ಲಿ ಏನಾದರೂ ಕೆಲಸ ಮಾಡಿದ್ದನ್ನು ಕಂಡವರಿರಲಿಲ್ಲ. ಆಫೀಸಿನಲ್ಲಿ ಅವರ ಮುಖ್ಯ ಉದ್ಯೋಗವೆಂದರೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ತಡವಾಗಿ ಬಂದವರನ್ನು ಹಿಡಿಯುವುದು. "ಮಹಂತೇಶ್, ನಲವತ್ತು ಸೆಕೆಂಡು ಲೇಟು. ಸೆಕೆಂಡ್ ಅಂದರೆ ಸೆಕೆಂಡೇ!" ಒಮ್ಮೆ ಮೇಲಧಿಕಾರಿ ಖುರಾನಾ ಸಾಹೇಬರಿಗೇ, ಅದೂ ಅವರ ಮೇಲಧಿಕಾರಿಯ ಎದುರಿಗೇ, ಹೀಗೆ ಕೈ ತಿರುವಿ ವಾಚು ತೋರಿಸಿದ್ದರು. ಸಾಹೇಬರು ನಕ್ಕಿದ್ದರು. ಆ ನಗು ಮೂರ್ತಿಯವರಿಗೆ ಮೆಚ್ಚುಗೆಯಂತೆ ಕಂಡಿತ್ತು.

ಗಡಿಯಾರ ಬಿಟ್ಟರೆ ಅವರು ನಂಬಿದ್ದು ರಾಹುಕಾಲವನ್ನು. ಪ್ರತಿ ವರ್ಷ ಭಾವಮೈದುನ ಮೈಸೂರಿನಿಂದ ಕ್ಯಾಲೆಂಡರ್ ಕಳಿಸುತ್ತಿದ್ದ. ಅದು ಅಡುಗೆಮನೆಯ ಗೋಡೆಗೇರಿದ ಮೇಲೆ, ಅದರಲ್ಲಿ ಬರೆದ ಹೊತ್ತಿಗೆ ಮೂರ್ತಿಯವರು ತಲೆ ಕೂಡ ಬಾಚುತ್ತಿರಲಿಲ್ಲ.

"ಇವತ್ತು ಶುಕ್ರವಾರ. ಹತ್ತೂವರೆಯಿಂದ ಹನ್ನೆರಡು," ಎಂದು ಹಂಸಾ ನೆನಪಿಸಿದಳು. "ಪ್ರಮೋಷನ್ ಆರ್ಡರು ಇವತ್ತೇ ಬರುತ್ತೆ ಅಂದಿದ್ರಲ್ಲ. ಆ ಹೊತ್ತಲ್ಲಿ ಸಹಿ ಮಾಡಿಬಿಟ್ಟೀರಿ ಮತ್ತೆ!"

ಪ್ರಮೋಷನ್ನೇ ಅವತ್ತಿನ ದೊಡ್ಡ ವಿಷಯ. ಸೆಕ್ಷನ್ ಆಫೀಸರ್ ಕುರ್ಚಿ ಖಾಲಿಯಿತ್ತು. ಮೊದಲ ಹೆಸರು ಮೂರ್ತಿಯವರದು, ಎರಡನೆಯದು ಅದೇ ಮಹಂತೇಶನದು. ಧಾರವಾಡದ ಆ ಹುಡುಗ ಇವರಿಗಿಂತ ಹದಿನೈದು ವರ್ಷ ಚಿಕ್ಕವನು. ಅವನ ಕೈಕೆಳಗೆ ಕೆಲಸ ಮಾಡುವುದಕ್ಕಿಂತ ಯಮುನೆಗೆ ಹಾರುವುದೇ ಮೇಲು ಎಂದು ಮೂರ್ತಿಯವರು ಹೇಳಿಕೊಂಡು ತಿರುಗುತ್ತಿದ್ದರು. ಜೂನ್ ತಿಂಗಳ ಯಮುನೆಯಲ್ಲಿ ಮುಳುಗುವಷ್ಟು ನೀರಿರಲಿಲ್ಲ, ಅದು ಬೇರೆ ಮಾತು.

ಮೆಟ್ಟಿಲಿಳಿಯುವಾಗ ಕೆಳಮನೆಯ ಕುಶಾಲಪ್ಪ ಸಿಕ್ಕರು. ಸೇನೆಯಿಂದ ನಿವೃತ್ತರಾದ ಕೊಡಗಿನವರು. ಕೇಳಿದರೂ ಕೇಳದಿದ್ದರೂ ಸಲಹೆ ಕೊಡುವುದನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

"ವಾಚು ಮುಂದೆ ಓಡ್ತದಾ? ಬಿಸಿ ಮುಟ್ಟಿಸಿ ಮೂರ್ತಿ. ರಾಜಸ್ಥಾನದ ಮರಳಲ್ಲಿ ನನ್ನ ವಾಚು ದಿನಾ ಹಿಂದೆ ಬೀಳ್ತಿತ್ತು. ಕೈ ಮೇಲೆತ್ತಿ ಬಿಸಿಲಿಗೆ ಹಿಡ್ಕೊಂಡು ಹೋಗಿ, ಮಗ್ಗುಲೂ ಬದಲಾಗ್ತದೆ, ಬಿಸಿಯೂ ತಾಗ್ತದೆ."

ಮೂರ್ತಿಯವರು ಕೈಯೆತ್ತಿ ನಡೆದರು. ಬೇವಿನ ಮರದ ನೆರಳು ದಾಟುವಷ್ಟರಲ್ಲಿ ಒಂದು ಆಟೋ ಬಂದು ನಿಂತಿತು.

"ಬೈಠಿಯೇ ಸಾಬ್."

"ನಹೀಂ ಬೈಠನಾ."

"ತೋ ಹಾಥ್ ಕ್ಯೋಂ ದಿಯಾ?"

"ವಾಚ್ ಕೋ ಧೂಪ್ ದೇ ರಹಾ ಹೂಂ ಭಯ್ಯಾ."

ಕೈ ತೋರಿಸಿದ್ದೇಕೆ ಎಂದರೆ ವಾಚಿಗೆ ಬಿಸಿಲು ಕಾಯಿಸುತ್ತಿದ್ದೇನೆ ಎನ್ನುತ್ತಾನಲ್ಲ ಎಂದು ಆಟೋದವನು ಬೈದು ಹೋದ. ಹಿಂದೆಯೇ ಇನ್ನೊಂದು ನಿಂತಿತು, ಅದರ ಹಿಂದೆ ಮತ್ತೊಂದು. ಕೊನೆಗೆ ಒಂದು ಬಸ್ಸೂ ಗಕ್ಕನೆ ನಿಂತು, ಒಳಗಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಕಂಡಕ್ಟರು ಕೆಳಗಿಳಿದು ಬಂದ. ಮೂರ್ತಿಯವರು ಕೈ ಇಳಿಸದೆಯೇ ಅವನಿಗೆ ಕೈಗಡಿಯಾರದ ಶಾಸ್ತ್ರ ವಿವರಿಸಲು ಹೊರಟರು. ಹುಚ್ಚನ ಜೊತೆ ವಾದ ಮಾಡುವಷ್ಟು ಬಿಡುವು ಅವನಿಗಿರಲಿಲ್ಲ.

ಆಫೀಸಿನ ಬಾಗಿಲಲ್ಲಿ ಮಹಂತೇಶ ನಿಂತಿದ್ದ. ಗೋಡೆ ಗಡಿಯಾರ ನೋಡಿ, ಬಹಳ ವಿನಯದಿಂದ, "ಸರ್, ನಾಲ್ಕು ನಿಮಿಷ," ಎಂದ.

"ಆ ಡಬ್ಬಾ ಗಡಿಯಾರ ಯಾರು ನಂಬ್ತಾರಯ್ಯ?" ಎಂದು ಮೂರ್ತಿಯವರು ನೇರ ಟೆಲಿಫೋನಿನತ್ತ ಹೋದರು. ನಂಬರು ತಿರುಗಿಸಿದರೆ ಹೆಂಗಸೊಬ್ಬಳ ದನಿಯಲ್ಲಿ ಸಮಯ ಹೇಳುವ ಸೇವೆಯೊಂದಿತ್ತು. ಬೆಳಗಿನ ಎಂಟು ಸೆಕೆಂಡಿನಲ್ಲಿ ಬಿಸಿಲು ಎಷ್ಟನ್ನು ಇಳಿಸಿದೆ ಎಂದು ತಿಳಿಯುವ ತವಕ. ಲೈನು ಸಿಗಲಿಲ್ಲ. ಸಿಕ್ಕರೂ ಕಟ್ಟಾಯಿತು. ಮತ್ತೆ ತಿರುಗಿಸಿದರು.

"ಸರ್, ಸಾಹೇಬರು ಕರೀತಾ ಇದಾರೆ. ಆರ್ಡರು ಬಂದಿದೆ," ಎಂದ ಮಹಂತೇಶ.

"ಒಂದೇ ನಿಮಿಷ."

ಆ ಒಂದು ನಿಮಿಷ ಸರ್ಕಾರಿ ನಿಮಿಷವಾಗಿ ಬೆಳೆಯಿತು. ಕೊನೆಗೆ ಆ ದನಿ ಸಿಕ್ಕಿ, ವಾಚು ಈಗ ಐದೇ ಸೆಕೆಂಡು ಮುಂದಿದೆ ಎಂದು ಗೊತ್ತಾಗಿ, ಮೂರ್ತಿಯವರು ಗೆದ್ದ ಮುಖ ಹೊತ್ತು ಸಾಹೇಬರ ಕೋಣೆಗೆ ನುಗ್ಗಿದಾಗ ಹತ್ತೂವರೆ ದಾಟಿ ಒಂದು ನಿಮಿಷವಾಗಿತ್ತು.

"ಬಧಾಯಿ ಹೋ ಮೂರ್ತಿಜಿ," ಎಂದು ಅಭಿನಂದಿಸಿ ಖುರಾನಾ ಪೆನ್ನು ಮುಂದೆ ಹಿಡಿದರು. "ಸಹಿ ಮಾಡಿ. ಫೋರ್‌ನೂನ್ ಒಳಗೇ ಚಾರ್ಜ್ ತಗೋಬೇಕು ಅಂತ ಆರ್ಡರಲ್ಲಿದೆ. ಇಲ್ಲದಿದ್ದರೆ ಮುಂದಿನ ಹೆಸರಿಗೆ ಹೋಗುತ್ತೆ."

ಮೂರ್ತಿಯವರು ವಾಚು ನೋಡಿದರು, ಬೆವರಿದರು. ರಾಹು ಒಂದೇ ನಿಮಿಷದ ಹಿಂದೆ ಬಂದು ಕೂತಿದ್ದ. ಅವನು ಏಳುವುದು ಹನ್ನೆರಡಕ್ಕೆ, ಫೋರ್‌ನೂನ್ ಮುಗಿಯುವುದೂ ಹನ್ನೆರಡಕ್ಕೆ. ಎರಡರ ನಡುವೆ ಇರುವೆ ತೂರುವಷ್ಟೂ ಜಾಗವಿಲ್ಲ. ಬೇರೆ ಯಾರಾದರೂ ಆಗಿದ್ದರೆ ದೇವರ ಮೇಲೆ ಭಾರ ಹಾಕಿ ಸಹಿ ಗೀಚುತ್ತಿದ್ದರು. ಮೂರ್ತಿಯವರಿಗಾದರೋ, ತಾನು ಹುಟ್ಟಿದ್ದೇ ಈ ಒಂದು ಸೆಕೆಂಡಿಗಾಗಿ ಎನ್ನಿಸಿತು.

"ಹನ್ನೆರಡಕ್ಕೆ ಸರಿಯಾಗಿ ಮಾಡ್ತೀನಿ ಸರ್. ಒಂದು ಸೆಕೆಂಡು ಹಿಂದಿಲ್ಲ, ಒಂದು ಸೆಕೆಂಡು ಮುಂದಿಲ್ಲ."

"ಜೈಸೀ ಆಪ್‌ಕೀ ಮರ್ಜಿ," ಎಂದು ಸಾಹೇಬರು ಮತ್ತೆ ನಕ್ಕರು.

ಹನ್ನೆರಡು ಹತ್ತಿರವಾಗುತ್ತಿದ್ದಂತೆ ಇಡೀ ಆಫೀಸು ಕೋಣೆಯ ಬಾಗಿಲಲ್ಲಿ ನೆರೆದಿತ್ತು. ಮೂರ್ತಿಯವರು ಎಡಗೈ ಮೇಲೆತ್ತಿ, ಬಲಗೈಯಲ್ಲಿ ಪೆನ್ನು ಹಿಡಿದು, ಫೋಟೋಗೆ ನಿಂತವರಂತೆ ಕೂತಿದ್ದರು. ಸೆಕೆಂಡಿನ ಮುಳ್ಳು ಆನೆಯ ಹಾಗೆ ಸಾವಕಾಶವಾಗಿ ಬರುತ್ತಿತ್ತು. ಕುಶಾಲಪ್ಪನವರ ಮದ್ದು ಹತ್ತಿತು ಎಂದು ಅವರಿಗೆ ಸಂತೋಷವಾಯಿತು.

"ಸರ್, ಗೋಡೆ ಗಡಿಯಾರದಲ್ಲಿ ಆಗಲೇ..." ಎಂದ ಗುಂಪಿನಲ್ಲಿ ಯಾರೋ.

"ಷ್!"

ಮುಳ್ಳು ಹನ್ನೆರಡನ್ನು ಮುಟ್ಟಿತು. ಮೂರ್ತಿಯವರು ಸಹಿ ಹಾಕಿ, ಬಾಲಕ್ಕೆ ಎರಡು ಚುಕ್ಕಿಯನ್ನೂ ಇಟ್ಟರು. ಖುರಾನಾ ಮೇಜಿನ ಫೋನಿನ ಸ್ಪೀಕರ್ ಒತ್ತಿ, ಮೂರ್ತಿಯವರೇ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದ ಆ ನಂಬರು ತಿರುಗಿಸಿದರು. ಈ ಸಲ ಲೈನು ಮೊದಲ ಸಲಕ್ಕೇ ಸಿಕ್ಕಿತು.

"ಬಾರಹ್ ಬಜಕರ್ ಏಕ್ ಮಿನಟ್, ದಸ್ ಸೆಕೆಂಡ್," ಎಂದಳು ಆ ಹೆಂಗಸು. ಹನ್ನೆರಡು ದಾಟಿ ಒಂದು ನಿಮಿಷ, ಹತ್ತು ಸೆಕೆಂಡು.

"ಆಫ್ಟರ್‌ನೂನ್ ಹೋ ಗಯಾ ಮೂರ್ತಿಜಿ," ಎಂದರು ಸಾಹೇಬರು. "ಸೆಕೆಂಡ್ ಅಂದರೆ ಸೆಕೆಂಡೇ. ಆಪ್ ಹೀ ತೋ ಕಹತೇ ಹೈಂ, ನೀವೇ ಹೇಳೋ ಮಾತು." ಮೂರ್ತಿಯವರ ಸಹಿಯ ಮೇಲೆ ಅವರು ಎಳೆದ ಗೀಟು ಸ್ಕೇಲು ಇಟ್ಟು ಎಳೆದಷ್ಟು ನೇರವಾಗಿತ್ತು. "ಮಹಂತೇಶ್, ಬನ್ನಿ."

ಮಹಂತೇಶ ತಲೆ ಕೆರೆದುಕೊಂಡ. "ಊಟ ಮಾಡಿ ಬಂದು ಮಾಡ್ತೀನಿ ಸರ್. ಅರ್ಧ ಗಂಟೆ."

ಕುರ್ಚಿಗಿಂತ ಇವನಿಗೆ ರೊಟ್ಟಿ ಹೆಚ್ಚಾಯಿತಲ್ಲ ಎಂದು ಅಂಥ ದುಃಖದಲ್ಲೂ ಮೂರ್ತಿಯವರಿಗೆ ತಾತ್ಸಾರ ಹುಟ್ಟಿತು.

ಸಂಜೆ ಅವರು ಇಂಗು ತಿಂದ ಮಂಗನಂತೆ ಮನೆಯಲ್ಲಿ ಕೂತಿದ್ದರು. ಅಕ್ಷಿತಾ ವಾಚನ್ನು ಕಿವಿಗೆ ಹಿಡಿದು, "ಪಪ್ಪಾ, ಯೇ ತೋ ಬಂದ್ ಹೈ. ಬೆಳಿಗ್ಗೆ ಕೀಲಿ ಕೊಟ್ಟಿಲ್ವಾ?" ಎಂದಳು. ಗುಂಡಿ ಮುಟ್ಟಕೂಡದು ಎಂದು ತಾವೇ ಹೊರಡಿಸಿದ ಆಜ್ಞೆ ಮೂರ್ತಿಯವರಿಗೆ ಆಗ ನೆನಪಾಯಿತು. ಹೊಟ್ಟೆಗಿಲ್ಲದ ವಾಚು ಮಧ್ಯಾಹ್ನದ ಹೊತ್ತಿಗೆ ತೆವಳುತ್ತಿದ್ದುದನ್ನು ಅವರು ಶಿಸ್ತು ಎಂದುಕೊಂಡಿದ್ದರು.

ಅಷ್ಟರಲ್ಲಿ ಮಹಂತೇಶ ಪೇಡೆಯ ಡಬ್ಬಿ ಹಿಡಿದು ಬಂದ. ಹಂಸಾ ನೀರು ಕೊಟ್ಟು, ಗಂಡನ ಮಾನ ಕಾಯಲು, "ಹೋಗಲಿ ಬಿಡಿ. ಇವರು ರಾಹುಕಾಲದಲ್ಲಿ ಸಹಿ ಮಾಡಲಿಲ್ಲವಲ್ಲ, ಅದೇ ನಮ್ಮ ಪುಣ್ಯ," ಎಂದಳು.

ಮಹಂತೇಶ ಅಡುಗೆಮನೆಯ ಕ್ಯಾಲೆಂಡರನ್ನೇ ನೋಡುತ್ತಿದ್ದ. "ಇದು ಬೆಳಿಗ್ಗೆ ಆರಕ್ಕೆ ಸೂರ್ಯ ಹುಟ್ಟೋ ಊರಿನ ಲೆಕ್ಕ ರೀ ಅಕ್ಕಾರ. ಇಲ್ಲಿ ಜೂನಲ್ಲಿ ಐದೂವರೆಗೆ ಮುಂಚೇನೇ ಬಿಸಿಲು, ಹಗಲೂ ಉದ್ದ. ದಿಲ್ಲಿಯಲ್ಲಿ ಇವತ್ತು ರಾಹುಕಾಲ ಶುರುವಾಗಿದ್ದೇ ಹತ್ತೂ ಮೂವತ್ತೇಳಕ್ಕೆ. ಮುಗಿದದ್ದು ಹನ್ನೆರಡೂ ಇಪ್ಪತ್ತೆರಡಕ್ಕೆ. ನಾನೂ ಅದನ್ನ ಬಿಡದೆ ನೋಡ್ತೀನಿ. ಅದಕ್ಕೇ ಊಟ ಮಾಡಿ ಬಂದು ಸಹಿ ಮಾಡಿದ್ದು."

ಮೂರ್ತಿಯವರ ಬಾಯಿ ತೆರೆಯಿತು. "ಅಂದರೆ ಆರ್ಡರು ಕೈಗೆ ಬಂದಾಗ..."

"ಪೂರಾ ಆರು ನಿಮಿಷ ಇತ್ತು ಸರ್. ನೀವು ಕಾದು ಕಾದು ಸಹಿ ಹಾಕಿದ್ದು ಮಾತ್ರ ರಾಹುವಿನ ಹೊಟ್ಟೆಯೊಳಗೆ."

"ಅಯ್ಯೋ, ಒಂದು ಮಾತು ಹೇಳಬಾರದಿತ್ತೇನಯ್ಯಾ?"

"ಸಮಯದ ವಿಷಯ ನಿಮಗೆ ನಾನು ಹೇಳೋದೇ ಸರ್? ನಲವತ್ತು ಸೆಕೆಂಡು ಲೇಟಾಗೋ ಮನುಷ್ಯ ನಾನು." ಮಹಂತೇಶ ಡಬ್ಬಿಯಿಂದ ಒಂದು ಪೇಡೆ ತೆಗೆದು ಅವರ ಕೈಗಿಟ್ಟು ಎದ್ದ. "ಸೋಮವಾರ ಸಿಗೋಣ. ಗೋಡೆ ಗಡಿಯಾರದ ಒಂಬತ್ತಕ್ಕೆ."

ಅವನು ಹೋದ ಮೇಲೆ ಹಂಸಾ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ, ಸುರುಳಿ ಸುತ್ತಿ ಅಟ್ಟಕ್ಕೆ ಎಸೆದಳು. ಆಮೇಲೆ ನಿಂತುಹೋದ ವಾಚನ್ನು ಎತ್ತಿಕೊಂಡು ರೇಷ್ಮೆಯ ದಿಂಬಿನ ಬಳಿ ಹೋಗಿ ಗಂಡನ ಕಡೆ ತಿರುಗಿದಳು.

"ಇವತ್ತು ಹೇಗೆ ಮಲಗಿಸಲಿ? ಅಂಗಾತವೋ, ಮಗ್ಗುಲಾಗೋ?"