ಭೂತಾನಕ್ಕ ಹೋದ ಖಡಕ್ ರೊಟ್ಟಿ

ಸುಳ್ಳು ಹೇಳೂದು ಬ್ಯಾರೆ, ಚಾಷ್ಟಿ ಮಾಡೂದು ಬ್ಯಾರೆ ನೋಡ್ರಿ. ಸುಳ್ಳು ಹೇಳಾವ ಸಿಕ್ಕೊಂಡ್ರ ಮಾರಿ ಸಣ್ಣದು ಮಾಡ್ತಾನ. ಚಾಷ್ಟಿ ಮಾಡಾವ ಸಿಕ್ಕೊಂಡ್ರ ಎಲ್ಲಾರಕಿಂತ ಮೊದಲು ತಾನ ನಗ್ತಾನ. ನಾನು ಈ ಎರಡನೇ ಪೈಕಿ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ನಿ, ಜಮಖಂಡಿಯಿಂದ ಒಮ್ಮೆ ಮುಧೋಳಕ್ಕ, ಒಮ್ಮೆ ಬೀಳಗಿಗೆ. ನನ್ನ ಬಸ್ಸಿನಾಗ ಟಿಕೀಟ್ ತಪ್ಪಿಸಿ ಇಳದಾವ ಒಬ್ಬನೂ ಇಲ್ಲ. ಕಾರಣ ಏನಂದ್ರ, ಹಿಂದಿನ ಸೀಟಿನ ಬುಡಕ ಒಂದು ಚೀಲ ಇಟ್ಟು, "ಇದರಾಗ ಮುಧೋಳ ನಾಯಿಮರಿ ಐತಿ, ಟಿಕೀಟ್ ಇಲ್ದವರ ವಾಸನಿ ಇದಕ್ಕ ಗೊತ್ತಾಗತೈತಿ" ಅಂತಿದ್ನಿ. ಆ ಸೀಟಿನ ಬಾಜೂಕ ನಿಂತು ಬಾಯಿ ಮುಚ್ಚಿಕೊಂಡು ಸಣ್ಣಗ ಗುರ್ ಅಂತಿದ್ನಿ. ಮಂದಿ ಕಾಲು ಮ್ಯಾಲ ಎತ್ತಿ ಕುಂತು ಟಿಕೀಟ್ ತಗೋತಿದ್ರು. ಚೀಲದಾಗ ಇರ್ತಿದ್ದದ್ದು ನನ್ನ ಊಟದ ಡಬ್ಬಿ. ಇಂಥಾ ಶಾಣ್ಯಾ ಮನಶ್ಯಾ ನಾನು. ಆದ್ರ ನನ್ನ ಒಂದು ಚಾಷ್ಟಿ ಮಾತ್ರ ದೇಶದ ಗಡಿ ದಾಟಿ ಹೋಗಿ, ತಿರುಗಿ ಬಂದು ನನ್ನ ಬಾಯಾಗ ಕುಂತೈತಿ. ಅದನ್ನ ಹೇಳ್ತೇನಿ ಕೇಳ್ರಿ.

ನನ್ನ ಮಗಳು ಸುಜಾತಾನ್ನ ಬೀಳಗಿ ಕಡೆ ಹುಡುಗಗ ಕೊಟ್ಟೇವಿ. ಅಳಿಯ ಮಲ್ಲಪ್ಪ ಮಿಲಿಟರಿಯಾಗ ಹವಾಲ್ದಾರ. ಮಿಲಿಟರಿ ಸಂಸಾರ ಅಂದ್ರ ಏನು ಅಂತ ನಿಮಗ ಗೊತ್ತಿರ್ಲಿಕ್ಕಿಲ್ಲ. ಅದು ಕಪ್ಪು ಟ್ರಂಕಿನ ಸಂಸಾರ. ಟ್ರಂಕಿನ ಮ್ಯಾಲ ಬಿಳೇ ಬಣ್ಣದಾಗ ಗಂಡನ ನಂಬರು, ಹೆಸರು. ಎರಡು ಟ್ರಂಕ ಕೂಡಿಸಿ ಗಾದಿ ಹಾಕಿದ್ರ ಸೋಫಾ, ಒಂದರ ಮ್ಯಾಲ ಬಟ್ಟಿ ಹೊಚ್ಚಿದ್ರ ಟೇಬಲ್. ಮದುವ್ಯಾದ ಮ್ಯಾಲ ನನ್ನ ಮಗಳು ರಾಜಸ್ಥಾನದ ಉಸುಕು ನೋಡಿದ್ಲು, ಅಸ್ಸಾಮಿನ ಕೆಸರು ನೋಡಿದ್ಲು. ಎಲ್ಲಿ ಹೋದ್ರೂ ಕಿಟಕಿ ಅಳತಿ ಬ್ಯಾರೆ. ಹಂಗಾಗಿ ಆಕಿ ಪರದೆ ಒಂದೊಂದು ಊರಾಗ ಒಂದೊಂದು ತುಂಡು ಜೋಡಿಸಿಕೊಂಡು ಕೌದಿ ಆಗ್ಯಾವ. ಅಸ್ಸಾಮಿನಾಗ ಇದ್ದಾಗ ಮೊದಲನೇ ಬಸುರು ಕೈಗೆ ಹತ್ತಲಿಲ್ಲ. ಗಂಡ ಡ್ಯೂಟಿ ಮ್ಯಾಲ, ನಾವು ಇಲ್ಲಿ. ಫೋನಿನಾಗ ಆಕಿ ಅತ್ತದ್ದು ಇನ್ನೂ ನನ್ನ ಕಿವ್ಯಾಗ ಐತಿ. ಆ ದಿನ ನನಗ ಒಂದೂ ಚಾಷ್ಟಿ ಹೊಳೀಲಿಲ್ಲ.

ಆಮ್ಯಾಲ ಅಳಿಯನ್ನ ಭೂತಾನಕ್ಕ ಕಳಿಸಿದ್ರು. ಅಲ್ಲಿಯ ಫೌಜಿನವರಿಗೆ ನಮ್ಮವರು ಟ್ರೇನಿಂಗ್ ಕೊಡ್ತಾರಂತ. ಹೆಂಡ್ತಿನ್ನ ಕರ್ಕೊಂಡು ಹೋಗಾಕ ಪರ್ಮಿಶನ್ ಇತ್ತು. ಅಲ್ಲಿ ಮತ್ತ ಬಸುರಾದ್ಲು. ಏಳನೇ ತಿಂಗಳಾಗ ಕುಬಸ ಮಾಡ್ಬೇಕಲ್ರಿ. ತವರವರು ಹಸರು ಸೀರಿ, ಹಸರು ಬಳಿ, ಬುತ್ತಿ ಒಯ್ದು, ಐದು ಮಂದಿ ಮುತ್ತೈದೆಯರನ್ನ ಕೂಡಿಸಿ, ಬಸುರಿ ಉಡಿ ತುಂಬೂ ಪದ್ಧತಿ ನಮ್ಮದು. ಆದ್ರ ಡಾಕ್ಟರ್ ಅಂದ್ರಂತ, ಬೆಟ್ಟದ ದಾರಿ, ಈಕಿ ಎಲ್ಲಿಗೂ ಹೋಗೂದು ಬ್ಯಾಡ. ನನ್ನ ಹೆಂಡ್ತಿ ಶಾಂತಾ ಬನಹಟ್ಟಿ ನೇಕಾರರ ಮನಿ ಮಗಳು, ಒಮ್ಮೆ ಗಂಟು ಹಾಕಿದ್ರ ಬಿಚ್ಚೂದಿಲ್ಲ. "ಆಕಿ ತವರಿಗೆ ಬರಾಕ ಆಗದಿದ್ರ ತವರ ಆಕಿ ಕಡೆ ಹೋಗ್ತೈತಿ, ನಡೀರಿ" ಅಂದ್ಲು. ಪಾಸ್‌ಪೋರ್ಟ್ ಬೇಕಾಗಿಲ್ಲ, ವೋಟರ್ ಕಾರ್ಡ್ ಸಾಕು. ಅದನ್ನ ಮಾತ್ರ ನಾನು ಬಸ್ ಸ್ಟ್ಯಾಂಡಿನಾಗ ಯಾರಿಗೂ ಹೇಳ್ಲಿಲ್ಲ. "ಫಾರಿನ್ ಹೊಂಟೇನಿ" ಅಂತ ಅಷ್ಟ ಹೇಳಿ, ಎಂಟು ದಿನ ಕಪ್ಪು ಚಷ್ಮಾ ಹಾಕ್ಕೊಂಡು ಅಡ್ಡಾಡಿದ್ನಿ.

ಮನ್ಯಾಗ ನಾಕು ದಿನ ರೊಟ್ಟಿ ಬಡಿಯೂ ಸಪ್ಪಳ. ನೂರಾ ಒಂದು ಜ್ವಾಳದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ್ದು, ಹಾಳಿಯಂಗ ತೆಳ್ಳಗ, ಹುಣ್ಣಿವಿ ಚಂದ್ರನಂಗ ದುಂಡಗ. ಜೋಡಿಗೆ ಶೇಂಗಾ ಹೋಳಿಗಿ, ಶೇಂಗಾ ಚಟ್ನಿ. "ಒಂದು ರೊಟ್ಟಿ ಸೀಳಿದ್ರ ಸೈತ ನಿಮ್ಮನ್ನ ಅಲ್ಲೇ ಬಿಟ್ಟು ಬರ್ತೇನಿ" ಅಂತ ಶಾಂತಾ ಮೊದಲ ಹೇಳಿದ್ಲು. ಮುತ್ತೈದೆಯರಿಗೆ ಒಡಕ ರೊಟ್ಟಿ ಕೊಟ್ರ ಅಪಶಕುನ ಅಂತ ಆಕಿ ಲೆಕ್ಕ. ಮೂರು ರೈಲು ಬದಲಿಸಿದ್ವಿ. ಆ ಗಂಟು ಶಾಂತಾನ ತೊಡಿ ಮ್ಯಾಲಿಂದ ಕೆಳಗ ಇಳೀಲಿಲ್ಲ. ಒಂದರ ಅಂಚು ಸೈತ ಮುಕ್ಕಾಗಲಿಲ್ಲ.

ಗಡಿ ದಾಟಿದ ಮ್ಯಾಲ ಅಳಿಯ ಹೇಳಿದ್ದ ಟ್ಯಾಕ್ಸಿ ಹತ್ತಿದ್ವಿ. ಅದರಾಗ ಒಬ್ಬ ವ್ಯಾಪಾರಿ ಇದ್ದ. ಅವಂಗ ನಮ್ಮ ಗಂಟಿನ ಮ್ಯಾಲ ಕಣ್ಣು. "ಚಾಚಾ, ಇಸ್ ಮೇ ಕ್ಯಾ ಹೈ?" ಅಂತ ಒಂದು ತಿರುವಿಗೊಮ್ಮೆ ಕೇಳ್ತಿದ್ದ, ಬೆರಳಿಲೆ ಒತ್ತಿ ನೋಡ್ತಿದ್ದ. ಶಾಂತಾ ಗಂಟು ಆ ಕಡೆ ಸರಿಸಿ ಸರಿಸಿ ದಣಿದ್ಲು. ನನಗ ಹಳೇ ಚಾಳಿ ಎದ್ದು ಬಂತು. ದನಿ ಇಳಿಸಿ, ನನ್ನ ಕಂಡಕ್ಟರ್ ಹಿಂದ್ಯಾಗ, "ಮಿಲಿಟರಿ ಕಾ ಸಾಮಾನ್ ಹೈ. ದಬಾಯಾ ತೋ ಧಡಾಂ!" ಅಂದ್ನಿ, ಒತ್ತಿದ್ರ ಸಿಡೀತೈತಿ ಅನ್ನೂಹಂಗ. ಅಂವ ಕೈ ಹಿಂದಕ್ಕ ತಗೊಂಡ. ಬಾಗಿಲಕ್ಕ ಅಂಟಿ ಕುಂತ. ನಾನು ಮೀಸಿ ತಿರುವಿದ್ನಿ. ಹತ್ತು ಮೈಲಿ ಸುಖವಾಗಿ ಹೋದ್ವಿ.

ಮುಂದ ತಪಾಸಣಿ ನಾಕಾ ಬಂತು. ಗಾಡಿ ನಿಂದ್ರೂದಕ್ಕ ಪುರಸೊತ್ತಿಲ್ಲ, ಆ ಪುಣ್ಯಾತ್ಮ ಜಿಗಿದು ಓಡಿ ಹೋಗಿ ಪೊಲೀಸರ ಮುಂದ ಕೈ ಅಗಲ ಮಾಡಿ "ಧಡಾಂ, ಧಡಾಂ" ಅಂತ ತೋರಿಸಾಕತ್ತಿದ. ನಮ್ಮನ್ನ ಇಳಿಸಿ ದೂರ ನಿಂದ್ರಿಸಿದ್ರು. ಗಂಟು ಬಯಲಾಗ ಒಂದು ಕಲ್ಲಿನ ಮ್ಯಾಲ ಒಂಟಿಯಾಗಿ ಕುಂತಿತ್ತು.

"ಏನಂದ್ರಿ ಆ ಮನಶ್ಯಾಗ?" ಅಂತ ಶಾಂತಾ ಕೇಳಿದ್ಲು.

"ಏನಿಲ್ಲ, ಸಣ್ಣದೊಂದು ಚಾಷ್ಟಿ."

"ನಾಳೆ ಹನ್ನೊಂದಕ್ಕ ಮಗಳ ಕುಬಸ. ನಿಮ್ಮ ನಾಲಿಗಿಗೆ ಒಂದು ಬೀಗ ಮಾಡಿಸಿದ್ರ ಛಲೋ ಇತ್ತು."

ಪಾಪ, ಅವರ ತಪ್ಪೇನಿಲ್ಲ, ಅವರ ಕೆಲಸ ಅವರು ಮಾಡಿದ್ರು. ಒಬ್ಬ ಸಿಪಾಯಿ ಗಂಟು ಬಿಚ್ಚಿದ. ದುಂಡನ್ನ ಸಾಮಾನು, ಒಂದರ ಮ್ಯಾಲ ಒಂದು. ಬೆರಳಿಲೆ ಬಡದ, ಟಣ್ ಅಂತು. ಬಿಸಿಲಿಗೆ ಹಿಡಿದು ನೋಡಿದ. ಕಡೀಕ ಬಗ್ಗಿಸಿ ನೋಡಿದ. ಖಡಕ್ ರೊಟ್ಟಿ ಬಗ್ಗತೈತೇನ್ರಿ? ಕಟುಂ! ಎರಡನೇದ್ದು ತಗೊಂಡ. ಕಟುಂ! ನೂರಾ ಒಂದೂ ಹಂಗ ಮಾಡಿದ. ಒಂದೊಂದು ಕಟುಂಗೂ ಶಾಂತಾ ನನ್ನ ಕಡೆ ಒಂದೊಂದು ಸಲ ನೋಡಿದ್ಲು. ಆಮ್ಯಾಲ ಆಕಿ ತಡೀಲಾರದ ಅಲ್ಲಿದ್ದ ಹೆಣ್ಣು ಅಧಿಕಾರಿ ಕಡೆ ಹೋದ್ಲು. ಹಿಂದಿ ಬರೂದಿಲ್ಲ, ಇಂಗ್ಲಿಷ್ ಬರೂದಿಲ್ಲ. ಹಸರು ಸೀರಿ ತಗದು ತೋರಿಸಿದ್ಲು, ಬಳಿ ತೋರಿಸಿದ್ಲು, ತನ್ನ ಹೊಟ್ಟಿ ಮುಂದ ಕೈ ದುಂಡಗ ಮಾಡಿದ್ಲು, ಮ್ಯಾಲ ಬೆಟ್ಟದ ಕಡೆ ಬೆರಳು ಮಾಡಿ "ಮಗಳು" ಅಂದ್ಲು. ಆ ಹೆಣ್ಣುಮಗಳಿಗೆ ಎಲ್ಲಾ ತಿಳೀತು. ಹೆಣ್ಣುಮಕ್ಕಳಿಗೆ ತಿಳೀತೈತಿ, ನನಗ ತಿಳಿಯೂದಿಲ್ಲ. ನಮ್ಮನ್ನ ಬಿಟ್ರು. ಬಿಡೂಕಿಂತ ಮೊದಲು ನನ್ನ ಕಡಿಂದ "ಇನ್ನ ಮ್ಯಾಲ ಇಂಥಾ ಮಾತು ಆಡೂದಿಲ್ಲ" ಅಂತ ಬರಿಸಿಕೊಂಡ್ರು.

ಅಲ್ಲಿಂದ ಮಗಳ ಮನಿತನಕ ಶಾಂತಾ ಗಂಟಿನಾಗ ಕೈ ಹಾಕಿ, ಚೂರಿಗೆ ಚೂರು ಜೋಡಿಸಿ ಜೋಡಿಸಿ ನೋಡಿದ್ಲು. ಬೈದಿದ್ರ ಎಷ್ಟೋ ಬೇಷಿತ್ತು. ಮನ್ಯಾಗ ಟ್ರಂಕಿನ ಟೇಬಲ್ ಮ್ಯಾಲ ಗಂಟು ಬಿಚ್ಚಿದ್ವಿ. ತುಂಬಿದ ಹೊಟ್ಟಿ ಹಿಡಕೊಂಡು ಸುಜಾತಾ ನೋಡಿದ್ಲು. ಒಳಗ ಬರೇ ಚೂರು. "ಅಪ್ಪಾ, ನಮ್ಮವ್ವನ ರೊಟ್ಟಿ ಹಂಗ ಇರ್ತಾವು, ಹಿಂಗ ಇರ್ತಾವು ಅಂತ ಎಲ್ಲಾರಿಗೂ ಹೇಳೇನಿ" ಅಂದ್ಲು. ಆಮ್ಯಾಲ ಸಣ್ಣ ದನಿಲೆ, "ಈ ಸಲಾನೂ ಏನರ ಆದ್ರ?" ಅಂದ್ಲು. ಹಿಟ್ಟಿಲ್ಲ, ಜ್ವಾಳ ಆ ಕಡೆ ಸಿಗೂದಿಲ್ಲ. ನಾಕಾದಾಗ ಸೈತ ನಾನು ಅಷ್ಟು ಅಂಜಿರ್ಲಿಲ್ಲ.

ಮರುದಿನ ಹೆಣ್ಣುಮಕ್ಕಳು ಬಂದ್ರು. ಪಂಜಾಬಿನಾಕಿ ಒಬ್ಬಾಕಿ, ತಮಿಳುನಾಡಿನಾಕಿ ಒಬ್ಬಾಕಿ, ಗಡವಾಲಿನಾಕಿ ಒಬ್ಬಾಕಿ, ಮೂರೂ ಮಂದಿ ಫೌಜಿ ಹೆಂಡಂದಿರು. ನಾಲ್ಕನೇದಾಕಿ ಬಾಜೂ ಮನಿ ಭೂತಾನಿ ಅಜ್ಜಿ, ಗಂಡನ ಜೋಡಿ ಬಂದಿದ್ಲು. ಶಾಂತಾ ಐದನೇದಾಕಿ. ಬಳಿ ತೊಡಿಸಿದ್ರು, ಹಸರು ಸೀರಿ ಉಡಿಸಿದ್ರು, ಶಾಂತಾ ಹಾಡು ಹಾಡಿದ್ಲು. ಬುತ್ತಿ ಕೊಡೂ ಹೊತ್ತು ಬಂತು. ಶಾಂತಾನ ಕೈ ಗಂಟಿನ ಮ್ಯಾಲ ನಿಂತು ಬಿಡ್ತು. ಸುಜಾತಾ ಮಾರಿ ಕೆಳಗ ಹಾಕಿದ್ಲು.

ಕುಬಸದಾಗ ಗಂಡಸರಿಗೆ ಕೆಲಸಿಲ್ಲ. ಆದ್ರೂ ನಾನು ಬಾಗಿಲದಾಗ ನಿಂತು ಗಂಟಲು ಸರಿಮಾಡಿಕೊಂಡು ಹಿಂದ್ಯಾಗ ಹೇಳಿದ್ನಿ: "ನಮ್ಮ ಜಮಖಂಡಿ ಸೀಮಿ ಹಳೇ ಪದ್ಧತಿ ಇದು. ತವರ ರೊಟ್ಟಿ ಮುರದ ಕೊಡ್ಬೇಕು. ಒಬ್ಬೊಬ್ಬರು ಒಂದು ಚೂರು ತಗೊಂಡು, ಬಸುರಿ ಕಿವಿ ಹತ್ರ ಕಡೀಬೇಕು. ಎಷ್ಟು ಜೋರ ಸಪ್ಪಳ ಬರತೈತೋ ಕೂಸು ಅಷ್ಟು ಗಟ್ಟಿ!"

ಎಲ್ಲಾರೂ ಭಕ್ತಿಲೆ ಚೂರು ತಗೊಂಡ್ರು. ಪಂಜಾಬಿನಾಕಿ ಕಡದ ಸಪ್ಪಳಕ್ಕ ಅಳಿಯ ಹೊರಗಿಂದ ಹಣಿಕಿ ಹಾಕಿದ. ತಮಿಳಾಕಿ, ಗಡವಾಲಿನಾಕಿ ಸೋಲ್ಬಾರ್ದಂತ ಎರಡೆರಡು ಚೂರು ಕಡದ್ರು. ಅಜ್ಜಿಗೆ ಹಲ್ಲಿರ್ಲಿಲ್ಲ, ತನ್ನ ಚೂರನ್ನ ಹಣಿಗೆ ಹಚ್ಚಿ ದೇವರ ಮುಂದ ಇಡಾಕ ಒಯ್ದ್ಲು. ಸುಜಾತಾ ನಗಾಕತ್ತಿದ್ಲು, ಹೊಟ್ಟಿ ಹಿಡಕೊಂಡು, ಕಣ್ಣೀರು ಬರೂಹಂಗ. ಶಾಂತಾ ನನ್ನ ಕಡೆ ನೋಡಿದ್ಲು. ಸಿಟ್ಟು ಇತ್ತು, ಆದ್ರ ತುಟಿ ಆಕಿ ಮಾತು ಕೇಳ್ಲಿಲ್ಲ. ಎರಡು ತಿಂಗಳಿಗೆ ಮೊಮ್ಮಗಳು ಹುಟ್ಟಿದ್ಲು, ಗುಂಡುಕಲ್ಲಿನಂಗ.

ಇದು ಇಲ್ಲಿಗೇ ಮುಗೀಬೇಕಿತ್ತು. ಈಗ ಎಂಟು ದಿನದ ಹಿಂದ ನಮ್ಮ ಮನ್ಯಾಗ ಮಗನ ಹೆಂಡ್ತಿ, ನಮ್ಮ ಸೊಸಿದು ಕುಬಸ ಇತ್ತು. ಆಕಿ ತಾಯಿ, ನಮ್ಮ ಬೀಗತಿ, ರಬಕವಿಯಿಂದ ಬುತ್ತಿ ತಂದಿದ್ರು, ಒಂದೊಂದು ರೊಟ್ಟಿ ಅಚ್ಚು ಹಾಕಿದಂಗ. ಸುಜಾತಾ ಮಗಳನ್ನ ಎತ್ತಿಕೊಂಡು ರಜಾಕ್ಕ ಬಂದಿದ್ಲು. "ಅತ್ತಿ, ರೊಟ್ಟಿ ಮುರೀರಿ" ಅಂದ್ಲು. ಬೀಗತಿ ಗಾಬರಿಯಾಗಿ, "ಅಯ್ಯ, ಇದ್ಯಾವ ಪದ್ಧತಿ ಬೇ?" ಅಂದ್ರು. "ಜಮಖಂಡಿ ಪದ್ಧತಿರಿ, ನಮ್ಮಪ್ಪನ್ನ ಕೇಳ್ರಿ. ಭೂತಾನದಾಗ ಈಗ ಫೌಜಿ ಮಂದಿ ಎಲ್ಲಾರೂ ಮಾಡ್ತಾರ. ರೊಟ್ಟಿ ಸಿಗಲಿಲ್ಲಂದ್ರ ಹಪ್ಪಳ!"

ನಾನು ಮಗಳನ್ನ ಬಾಜೂಕ ಕರದು, "ಏ ಸುಜಾ, ಅದು ನಾ ಹೇಳಿದ ಸುಳ್ಳಲ್ಲೇನ ಬೇ" ಅಂದ್ನಿ.

"ಸುಳ್ಳಾದ್ರೇನಪ್ಪಾ? ನನಗ ಛಲೋ ಆತಲ್ಲ" ಅಂದ್ಲು, ಕೂಸಿನ್ನ ಎದಿಗೆ ಒತ್ತಿಕೊಂಡು.

ಅತ್ಲಾಗ ಸೊಸಿ ಅಂಜಿದ ಕಣ್ಣಿಲೆ ನನ್ನ ಮಾರೀನ ನೋಡಾಕತ್ತಿದ್ಲು, ನಾನು ಹೂಂ ಅಂದ್ರ ಆಕಿಗೆ ಧೈರ್ಯ. ನಾನು ಬಾಯಿ ತೆಗಿಯೂದ್ರಾಗ ಶಾಂತಾ ಎದ್ಲು. ಮ್ಯಾಲಿನ ರೊಟ್ಟಿ ತಗೊಂಡು, ಕಟುಂ ಅಂತ ತಾನ ಮುರದ್ಲು. ದೊಡ್ಡ ಚೂರು ನನ್ನ ಕೈಯಾಗ ಇಟ್ಲು.

"ಪದ್ಧತಿ ತಂದವರು ನೀವು. ಮೊದಲು ನೀವ ಕಡೀರಿ. ಜೋರ ಸಪ್ಪಳ ಬರ್ಲಿ."

ನಾನು ಹೊಸಾ ಹಲ್ಲಿನ ಸೆಟ್ಟು ಕೂಡಿಸಿಕೊಂಡು ಆಗ ನಾಕು ದಿನ ಆಗಿತ್ತು. ಆರು ತಿಂಗಳು ಗಟ್ಟಿದ್ದು ಏನೂ ಕಡೀಬ್ಯಾಡ್ರಿ ಅಂತ ಡಾಕ್ಟರ್ ಹೇಳಿದ್ರು. ಅದು ಶಾಂತಾಗ ಛಂದಂಗ ಗೊತ್ತಿತ್ತು. ನಾನು ಸೊಸಿ ಕಿವಿ ಹತ್ರ ಹೋಗಿ, ಕಣ್ಣು ಮುಚ್ಚಿ ಕಡದ್ನಿ. ಸಪ್ಪಳಂತೂ ಅಂಗಳದಾಗ ಇದ್ದವರಿಗೂ ಕೇಳಿಸ್ತು. ಸೊಸಿ ಖುಷಿಯಾದ್ಲು. ಬೀಗತಿ ಕೈ ಮುಗದ್ರು. ನಾನು ಮಾತ್ರ ಬಾಯಿ ಮುಚ್ಚಿಕೊಂಡು ಹಿತ್ತಲಕ್ಕ ನಡದ್ನಿ, ಬಾಯಾಗ ರೊಟ್ಟಿ ಚೂರು ಎಷ್ಟು, ಹಲ್ಲಿನ ಚೂರು ಎಷ್ಟು ಅಂತ ಆರಿಸಾಕ.